ಜಾಡಿಯೊಳಗಿನ ಅಯೋರ್ಟಾಗಳು

1970ರ ದಶಕದಲ್ಲಿ ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ಪೆಥಾಲಜಿ ಪಾಠದಲ್ಲಿ ಅನ್ಯೂರಿಸಂ (ಗೋಡೆ ಸೋತು ರಕ್ತನಾಳ ಉಬ್ಬುವುದು) ಎಂದರೆ ಮೊದಲು ಬರುತ್ತಿದ್ದದ್ದು ಎದೆಯ ಅಯೋರ್ಟಾ. ಫಾರ್ಮಲಿನ್ ಜಾಡಿಯಲ್ಲಿ ಮುಷ್ಟಿಗಾತ್ರಕ್ಕೆ ಉಬ್ಬಿದ ಮಹಾಪಧಮನಿ, ಒಳಮೈ ಮರದ ತೊಗಟೆಯಂತೆ ಸುಕ್ಕು. ಕಾರಣ ಸಿಫಿಲಿಸ್. ಅದು ಅಯೋರ್ಟಾದ ಗೋಡೆಗೇ ರಕ್ತ ಕೊಡುವ ಸಣ್ಣ ನಾಳಗಳನ್ನು ಮುಚ್ಚಿಸಿ ನಡುಪದರವನ್ನು ಸೊರಗಿಸುತ್ತದೆ.

ನಾನು ಪಾಠ ಹೇಳುವ ಹೊತ್ತಿಗೆ ಅಂಥದ್ದು ಪೋಸ್ಟ್‌ಮಾರ್ಟಂ ಟೇಬಲ್ಲಿಗೆ ಬರುವುದೇ ಅಪರೂಪವಾಯಿತು. 1943ರಲ್ಲಿ ಅಮೆರಿಕದ ಜಾನ್ ಮಹೋನಿ ಸಿಫಿಲಿಸ್‌ಗೆ ಪೆನಿಸಿಲಿನ್ ಕೊಟ್ಟು ತೋರಿಸಿದ್ದರ ಫಲ ಅದು. ಉಬ್ಬು ಈಗ ಹೊಟ್ಟೆಗೆ ಇಳಿದಿತ್ತು: ಕಿಡ್ನಿಯ ನಾಳಗಳ ಕೆಳಗೆ, ಅಯೋರ್ಟಾ ಕವಲೊಡೆಯುವುದರ ಮೇಲೆ. ಅರವತ್ತು ದಾಟಿದ ಗಂಡಸರು, ಬಹುಪಾಲು ಬೀಡಿ ಸೇದುವವರು. ಕಿಡ್ನಿ ಕಲ್ಲಿನ ನೋವೆಂದು ಚಿಕಿತ್ಸೆ ಪಡೆಯುತ್ತಲೇ ತೀರಿಕೊಂಡ ಒಬ್ಬ ರೈತರ ಬೆನ್ನೆಲುಬಿನ ಮುಂದೆ ಬರೀ ಹೆಪ್ಪುಗಟ್ಟಿದ ರಕ್ತ. ಅದನ್ನು ಸರಿಸಿದರೆ ಎಡಬದಿಗೆ ಒಡೆದ ಅಯೋರ್ಟಾ. 1955ರಲ್ಲಿ ಐನ್‌ಸ್ಟೈನ್ ತೀರಿಕೊಂಡದ್ದೂ ಹೀಗೇ. ಏಳು ವರ್ಷ ಮೊದಲು ಸರ್ಜನ್ ರುಡಾಲ್ಫ್ ನಿಸ್ಸೆನ್ ಆ ಉಬ್ಬಿಗೆ ಸೆಲೊಫೇನ್ ಸುತ್ತಿದ್ದರು.

ಮಿದುಳಿನದು ಬೇರೆಯೇ ಕಥೆ. ಇನ್ನೂ ದುಡಿಯುವ ವಯಸ್ಸಿನವರು, ಹಠಾತ್ತನೆ ಸಿಡಿಯುವ ತಲೆನೋವು, ಸಾವು. ಮಿದುಳಿನ ಬುಡದ ನಾಳಗಳು ಕವಲೊಡೆಯುವ ಕಡೆ, ಅದರಲ್ಲೂ ಮುಂಭಾಗದಲ್ಲಿ, ಕೆಲವೇ ಮಿಲಿಮೀಟರಿನ ಗುಳ್ಳೆ. ಅದನ್ನು ಹುಡುಕಲು ಫಾರ್ಮಲಿನ್‌ಗೆ ಹಾಕುವ ಮೊದಲೇ, ನಲ್ಲಿಯನ್ನು ಸಣ್ಣಗೆ ಬಿಟ್ಟು ಹೆಪ್ಪನ್ನು ತೊಳೆಯಬೇಕು. ಗಟ್ಟಿಯಾದ ಮೇಲೆ ಬಿಡಿಸಹೋದರೆ ಗುಳ್ಳೆಯೇ ಹರಿಯುತ್ತದೆ. ಒಂದು ಸಿಕ್ಕಿತೆಂದು ನಿಲ್ಲಿಸಬಾರದು, ಐವರಲ್ಲಿ ಒಬ್ಬರಿಗಾದರೂ ಇನ್ನೊಂದಿರುತ್ತದೆ. ಹೃದಯದ ಕವಾಟಕ್ಕೆ ಸೋಂಕು ತಗುಲಿದವರಲ್ಲಿ ಕೀವಿನ ಕಣ ಸಿಕ್ಕಿಕೊಂಡು ಉಬ್ಬಿದ ನಾಳಗಳನ್ನೂ ನೋಡಿದ್ದೇನೆ.

ಈಗ ಸಿ.ಟಿ. ಸ್ಕ್ಯಾನಿನಲ್ಲಿ ಉಬ್ಬು ಜೀವವಿರುವಾಗಲೇ ಕಾಣುತ್ತದೆ, ತೊಡೆಯ ನಾಳದ ಮೂಲಕ ಸ್ಟೆಂಟ್ ಕೂರಿಸುತ್ತಾರೆ. ನನಗೆ ಅದರ ಬಗ್ಗೆ ಸಂತೋಷವೇ. ಆದರೆ ಪೊಲೀಸ್ ಕೇಸುಗಳನ್ನು ಬಿಟ್ಟರೆ, ರೋಗ ತಿಳಿಯಲೆಂದೇ ಮಾಡುವ ಪೋಸ್ಟ್‌ಮಾರ್ಟಂ ನಮ್ಮಲ್ಲಿ ಹೆಚ್ಚುಕಡಿಮೆ ನಿಂತೇಹೋಗಿದೆ. ಉಬ್ಬು ಎಷ್ಟು ದಪ್ಪ ಎಂದು ಸ್ಕ್ಯಾನ್ ಹೇಳೀತು; ಗೋಡೆಯ ಪದರ ಏಕೆ ಸೋತಿತು ಎಂಬುದನ್ನು ಸೂಕ್ಷ್ಮದರ್ಶಕದಡಿ ಅಂಗಾಂಶವೇ ಹೇಳಬೇಕು. ನಿಮ್ಮವರೊಬ್ಬರು ಕಾರಣ ತಿಳಿಯದೆ ತೀರಿಕೊಂಡಾಗ ಡಾಕ್ಟರು ಆ ಪರೀಕ್ಷೆಗೆ ಒಪ್ಪಿಗೆ ಕೇಳಿದರೆ ದಯವಿಟ್ಟು ಯೋಚಿಸಿ. ಮುಖ ಕೆಡುವುದಿಲ್ಲ, ಹೊಲಿದು ಕೊಡುತ್ತಾರೆ. ಕೆಲವು ಅನ್ಯೂರಿಸಂ ವಂಶದಲ್ಲಿ ಬರುತ್ತವೆ. ಆ ವರದಿ ನಿಮ್ಮ ಮಕ್ಕಳಿಗೆ ಬೇಕಾದೀತು.