ಗಾಡಿಯ ಕೆಳಮೈ

ಮನುಷ್ಯನು ತನ್ನ ಸೊತ್ತನ್ನು ಕಾಯುವಾಗ ಕಣ್ಣಿಗೆ ಬೀಳುವ ಭಾಗವನ್ನೇ ಹೆಚ್ಚಾಗಿ ಕಾಯುತ್ತಾನೆ. ಮುಂಬಾಗಿಲಿಗೆ ಬಣ್ಣ ಬಳಿಸುವಷ್ಟು ಆಸ್ಥೆಯಿಂದ ಹಿತ್ತಿಲ ಗೋಡೆಯ ಬುಡವನ್ನು ಯಾರೂ ನೋಡುವುದಿಲ್ಲ. ವಾಹನದ ಮಾತೂ ಹೀಗೆಯೇ. ಮೇಲ್ಮೈಯಲ್ಲಿ ಒಂದು ಗೆರೆ ಬಿದ್ದರೆ ಆ ದಿನದ ಊಟವೇ ರುಚಿಸದ ಗೃಹಸ್ಥರನ್ನು ನಾನು ಬಲ್ಲೆನು. ಆದರೆ ವರ್ಷಕ್ಕೊಮ್ಮೆಯಾದರೂ ಮೊಣಕಾಲೂರಿ ಅದರ ಕೆಳಮೈಯನ್ನು ನೋಡಿದವರು ನನ್ನ ಪರಿಚಯದಲ್ಲಿ ಬಹಳ ಜನರಿಲ್ಲ. ಈಚಿನವರೆಗೆ ನಾನೂ ನೋಡಿದವನಲ್ಲ. ನೋಡದೆ ಇದ್ದುದರಿಂದ ಏನಾಯಿತೆಂಬುದನ್ನೇ ಇಲ್ಲಿ ಬರೆಯಲೆಣಿಸಿದ್ದೇನೆ.

ನಮ್ಮ ವಾಸ ಕಲಬುರಗಿಯಲ್ಲಿ. ಬಾಳೆಯ ತೋಟವಿರುವುದು ಕಮಲಾಪುರದ ಬಳಿ. ಹುಮನಾಬಾದಿನ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಹೋದರೆ ಆ ಊರು. ಅಲ್ಲಿಯ ಕೆಂಪು ಬಾಳೆಯು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದು ಹೆಸರಾಗಿರುವುದನ್ನು ವಾಚಕರು ಬಲ್ಲರು. ಹೆದ್ದಾರಿ ಚೆನ್ನಾಗಿದೆ, ಅಲ್ಲಿಂದ ತೋಟಕ್ಕೆ ಇಳಿಯುವ ದಾರಿ ಮಾತ್ರ ಎರೆಮಣ್ಣಿನದು. ನೀರನ್ನು ಕುಡಿದು ಉಬ್ಬುವುದು, ಕುಡಿದ ನೀರನ್ನು ಬೇಗನೆ ಬಿಡದಿರುವುದು, ಇದು ಎರೆಮಣ್ಣಿನ ಸ್ವಭಾವ. ಗಾಲಿಯಿಂದ ಸಿಡಿದು ಜೀಪಿನ ಕೆಳಗೆ ಮೆತ್ತಿಕೊಂಡಿತೆಂದರೆ ಮೇಲ್ಪದರು ಒಣಗಿ ಬಿರಿದರೂ ಒಳಗೆ ದಿನಗಟ್ಟಲೆ ಹಸಿಯಾಗಿಯೇ ಉಳಿಯುವುದು. ಜೋಳ ತೊಗರಿಗಳಿಗೆ ಈ ಗುಣ ವರ, ಕಬ್ಬಿಣಕ್ಕೆ ಶಾಪ.

ಇದು ಸಾಲದೆಂಬಂತೆ ನಮ್ಮ ಜೀಪು ಗೊಬ್ಬರವನ್ನೂ ಹೊರುತ್ತಿದ್ದಿತು. ಬಾಳೆಗೆ ಪೊಟ್ಯಾಷು ಬಹಳ ಬೇಕು. ಚೀಲಗಳ ಹೊಲಿಗೆಯಿಂದ ಉದುರಿದ ಹರಳುಗಳು ಚಾಪೆಯ ಕೆಳಗೆ ಸೇರಿ, ತಗಡಿನ ಸಂದುಗಳಲ್ಲಿ ಇಳಿದು, ಮಳೆಯ ತಂಪಿಗೆ ಕರಗುತ್ತಿದ್ದವು. ಅದನ್ನು ನಾನು ಕಸವೆಂದು ಬಗೆದಿದ್ದೆನೇ ಹೊರತು ಕೇಡೆಂದು ಬಗೆದಿರಲಿಲ್ಲ.

ಹಾಗೆಂದು ಕೆಳಮೈಗೆ ಏನನ್ನೂ ಮಾಡಿಸಿರಲಿಲ್ಲವೆಂದಲ್ಲ. ಮೂರು ವರ್ಷ ಹಿಂದೆ ಗೆಳೆಯರೊಬ್ಬರ ಮಾತು ಕೇಳಿ ಕಪ್ಪು ಲೇಪವೊಂದನ್ನು ಹಚ್ಚಿಸಿದ್ದೆನು. ಮೊದಲು ಚೆನ್ನಾಗಿ ತೊಳೆದು, ತುಕ್ಕು ಕೆರೆದು, ಎರಡು ದಿನ ಒಣಗಿಸಬೇಕೆಂದು ಕೆಲಸದವನು ಹೇಳಿದನು. ಮರುದಿನ ಮದುವೆಗೆ ಹೋಗುವುದಿದ್ದಿತು. ನಾನೇ ಅವಸರಪಡಿಸಿ, ಮೇಲುಮೇಲಿನ ಮಣ್ಣು ಉದುರಿಸಿದಷ್ಟಕ್ಕೆ ಲೇಪವನ್ನು ಬಳಿಸಿಬಿಟ್ಟೆನು. ಕೆಲಸ ಮುಗಿದ ಮೇಲೆ ಕೆಳಮೈ ಹೊಸದರಂತೆ ಹೊಳೆಯಿತು. ಇನ್ನು ಚಿಂತೆಯಿಲ್ಲವೆಂದು ಅಂದಿನಿಂದ ಅತ್ತ ನೋಡುವುದನ್ನೇ ಬಿಟ್ಟೆನು.

ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಮುಂಜಾನೆ ಅವ್ವನನ್ನೂ ಆರು ವರ್ಷದ ಮೊಮ್ಮಗಳನ್ನೂ ಕೂಡಿಸಿಕೊಂಡು ತೋಟಕ್ಕೆ ಹೊರಟಿದ್ದೆನು. ಕಮಲಾಪುರ ಇನ್ನೂ ಎರಡು ಕಿಲೋಮೀಟರು ಇರುವಾಗ ಇಳಿಜಾರಿನಲ್ಲಿ ಎಮ್ಮೆಗಳ ಹಿಂಡೊಂದು ಅಡ್ಡ ಬಂದಿತು. ಬ್ರೇಕನ್ನು ತುಳಿದೆನು, ತುಳಿದ ಕಾಲು ತಡೆಯಿಲ್ಲದೆ ತಳಕ್ಕೆ ಹೋಯಿತು. ಹಳೆಯ ಕಾಲದ ಜೀಪಾದುದರಿಂದ ನಾಲ್ಕು ಗಾಲಿಗಳ ಬ್ರೇಕಿಗೂ ಎಣ್ಣೆ ಹರಿಯುವ ದಾರಿ ಒಂದೇ. ಅದು ಒಡೆದರೆ ಎಲ್ಲವೂ ಹೋದಂತೆ. ಗೇರನ್ನು ಇಳಿಸಿ, ಹ್ಯಾಂಡ್ ಬ್ರೇಕನ್ನು ಎಳೆದು, ರಸ್ತೆಯ ಬದಿಯ ಮಣ್ಣಿನ ಒಡ್ಡಿಗೆ ಜೀಪನ್ನು ಒರೆಸಿ ನಿಲ್ಲಿಸಿದೆನು. ದೈವಕೃಪೆಯಿಂದ ಯಾರಿಗೂ ನೋವಾಗಲಿಲ್ಲ. ಮಗು ಅಳಲೂ ಮರೆತಿದ್ದಿತು. ಅವ್ವನು ನನ್ನ ಮುಖವನ್ನು ನೋಡಿದಳು, ಏನೂ ಅನ್ನಲಿಲ್ಲ.

ಜೀಪನ್ನು ಎಳೆಸಿಕೊಂಡು ಬಂದು ಕಲಬುರಗಿಯ ಗ್ಯಾರೇಜಿನಲ್ಲಿ ಎತ್ತಿ ನಿಲ್ಲಿಸಿದಾಗ ಮಿಸ್ತ್ರಿಯು ಕೆಳಗೆ ಹೋಗಿ ಒಂದು ಸ್ಕ್ರೂಡ್ರೈವರಿನಿಂದ ಕಪ್ಪು ಲೇಪವನ್ನು ತಟ್ಟಿದನು. ಅದು ಹಪ್ಪಳದಂತೆ ಕಳಚಿ ಬಿದ್ದಿತು. ಒಳಗೆ ಕಬ್ಬಿಣವಿರಲಿಲ್ಲ, ಕೆಂಪು ಹುಡಿಯಿದ್ದಿತು. ಬ್ರೇಕಿನ ಕೊಳವೆಯು ಅದೇ ಲೇಪದೊಳಗೆ ಸದ್ದಿಲ್ಲದೆ ಸವೆದು ತೂತಾಗಿದ್ದಿತು.

"ಇದಕ್ಕ ಯಾರ್ ಹಚ್ಯಾರ್ರೀ, ಮಾಸ್ತರ್ರೇ?" ಎಂದನು.

"ನಾನೇ ಹಚ್ಚಿಸಿದೆನಪ್ಪಾ."

"ಛಲೋ ಮಾಡೀರಿ. ಜಂಗಿಗೆ ಕಂಬಳಿ ಹೊಚ್ಚೀರಿ ನೋಡ್ರಿ."

ಆ ಮಾತು ನನ್ನನ್ನು ಚುಚ್ಚಿತು. ಆದರೆ ಶಾಸ್ತ್ರವೂ ಅವನ ಮಾತನ್ನೇ ಹೇಳುತ್ತದೆ. ಕಬ್ಬಿಣ, ನೀರು, ಗಾಳಿಯೊಳಗಿನ ಆಮ್ಲಜನಕ, ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಅಲ್ಯೂಮಿನಿಯಮಿನ ಮೇಲೆ ಹುಟ್ಟುವ ಪೊರೆಯು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಾದರೋ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡಿ, ಉಬ್ಬಿ, ಬಿರಿದು, ಒಳಗಿನ ಹೊಸ ಪದರನ್ನು ನೀರಿಗೆ ಒಪ್ಪಿಸುತ್ತದೆ. ನೀರಿನಲ್ಲಿ ಉಪ್ಪು ಸೇರಿದರೆ ವಿದ್ಯುತ್ತು ಸುಲಭವಾಗಿ ಹರಿದು, ಲೋಹದ ಮೇಲೆಯೇ ಸಣ್ಣ ಸಣ್ಣ ಬ್ಯಾಟರಿಗಳು ಹುಟ್ಟಿಕೊಂಡಂತಾಗಿ ಕೆಲಸ ಬೇಗ ಸಾಗುತ್ತದೆ. ಲೇಪವು ಒಣ ಕಬ್ಬಿಣದ ಮೇಲಿದ್ದರೆ ಕಾವಲುಗಾರ. ಹಸಿಯ ಮೇಲಿದ್ದರೆ, ಅಥವಾ ಬಿರುಕು ಬಿಟ್ಟು ನೀರನ್ನು ಒಳಗೆ ಬಿಟ್ಟುಕೊಂಡರೆ, ಆ ನೀರನ್ನು ಆರಗೊಡದೆ ಹಿಡಿದಿಡುವ ಪಾತ್ರೆ.

ನನ್ನ ಮಗನಿರುವುದು ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ. ನಡೆದುದನ್ನು ದೂರವಾಣಿಯಲ್ಲಿ ಹೇಳಿದಾಗ ಅವನು, "ಅಪ್ಪಾ, ಇದು ನಮ್ಮ ಊರಿನ ರೋಗ, ನಿಮಗೆ ಹೇಗೆ ಬಂದಿತು?" ಎಂದು ಕೇಳಿದನು. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಗಟ್ಟಿಯಾಗದಿರಲೆಂದು ಉಪ್ಪನ್ನು ಚೆಲ್ಲುವರು. ಉಪ್ಪು ಬೆರೆತ ನೀರು ಶೂನ್ಯ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಬೆರಕೆ ತಕ್ಕಷ್ಟಿದ್ದರೆ ಶೂನ್ಯಕ್ಕಿಂತ ಸುಮಾರು 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರಬಲ್ಲುದು. ರಸ್ತೆಗೆ ಹಿತವಾದ ಆ ನೀರು ಗಾಲಿಯಿಂದ ಸಿಡಿದು ವಾಹನದ ಹೊಟ್ಟೆಗೆ ಹತ್ತಿ ಅದನ್ನು ತಿನ್ನುವುದು. ಹೊರಗಿನ ಕಡುಚಳಿಗಿಂತ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಂತಾಗಲೇ ತುಕ್ಕು ಹೆಚ್ಚು ಚುರುಕಾಗುವುದಂತೆ. ಚೀಲದ ಮೇಲೆ ಬರೆದುದನ್ನು ಓದೆಂದು ಮಗನು ಹೇಳಿದನು. "ಮ್ಯೂರಿಯೇಟ್ ಆಫ್ ಪೊಟ್ಯಾಷ್" ಎಂದು ಓದಿದೆನು. ಅದು ಪೊಟ್ಯಾಸಿಯಂ ಕ್ಲೋರೈಡು. ನಾವು ಉಣ್ಣುವ ಉಪ್ಪಿನ ಒಡಹುಟ್ಟು. ಹಿಮವನ್ನು ಕಾಣದ ಕಮಲಾಪುರದಲ್ಲಿ ನಾನು ಹಣ ಕೊಟ್ಟು ಕೊಂಡ ಉಪ್ಪನ್ನು ಎರೆಮಣ್ಣಿನ ಪಟ್ಟಿಯಲ್ಲಿ ಸುತ್ತಿ, ಮೇಲೆ ಡಾಂಬರಿನಂಥ ಲೇಪ ಬಳಿದು, ಗಾಳಿಯಾಡದ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದೆನು!

ಹಿಮದೇಶದವರ ಉಪಾಯಗಳನ್ನು ಅವನಿಂದ ಕೇಳಿ ತಿಳಿದೆನು. ಮೊದಲನೆಯದು ತೊಳೆಯುವುದು. ಕೆಳಗಿನಿಂದ ಮೇಲಕ್ಕೆ ನೀರು ಚಿಮ್ಮಿಸಿ, ಗಾಲಿಯ ಮೇಲಿನ ಕಮಾನು, ಚೌಕಟ್ಟಿನ ಮೂಲೆ, ಬಾಗಿಲ ಅಂಚುಗಳಲ್ಲಿ ಅಡಗಿದ ಮಣ್ಣನ್ನು ಇಳಿಸಬೇಕು. ಬಾಗಿಲುಗಳ ಮತ್ತು ಟೊಳ್ಳು ತೊಲೆಗಳ ತಳದಲ್ಲಿ ನೀರು ಬಸಿಯಲು ಸಣ್ಣ ರಂಧ್ರಗಳಿರುತ್ತವೆ. ಅವು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಎರಡನೆಯದು ಪೂರ್ತಿ ಒಣಗಿಸುವುದು. ಲೇಪದ ಸರದಿ ಮೂರನೆಯದು. ಗಟ್ಟಿಯಾಗುವ ಕಪ್ಪು ಲೇಪಕ್ಕಿಂತ, ಸಂದುಗಳಿಗೆ ಹರಿದು ಸೇರುವ ಎಣ್ಣೆಯನ್ನೋ ಮೇಣವನ್ನೋ ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಸಿಂಪಡಿಸುವುದನ್ನು ಅಲ್ಲಿ ಅನೇಕರು ಮೆಚ್ಚುವರು. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡೂ ಈ ಕೆಲಸಕ್ಕೆ ಬರುವುದೆಂದು ಕೇಳಿ, ಮಿಸ್ತ್ರಿಯ ಕಂಬಳಿಯ ಮಾತು ನೆನಪಾಗಿ ನಕ್ಕೆನು. ಬ್ರೇಕಿನ ತಟ್ಟೆಗಳಿಗೂ ಹೊಗೆಯ ಕೊಳವೆಗೂ ಇವು ತಗುಲಬಾರದು. ನಮ್ಮಲ್ಲಿ ಕೆಲವರು ಎಂಜಿನಿನಿಂದ ತೆಗೆದ ಹಳೆಯ ಎಣ್ಣೆಯನ್ನೇ ಬಳಿಸುವರು. ಅದು ರಬ್ಬರನ್ನು ಕೆಡಿಸುವುದಲ್ಲದೆ ತೊಟ್ಟಿಕ್ಕಿ ಹೊಲದ ಮಣ್ಣನ್ನೂ ಕೆಡಿಸುವುದು.

ಕಬ್ಬಿಣಕ್ಕೆ ಸತುವಿನ ಹೊದಿಕೆ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬಾತನು 1837ರಲ್ಲಿಯೇ ಹಕ್ಕುಪತ್ರ ಪಡೆದನು. ಗೀರು ಬಿದ್ದಲ್ಲಿಯೂ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಸತುವಿಗೂ ಒಂದು ಕೊನೆಯುಂಟು. ನೋಡುವ ಕಣ್ಣಿಗೆ ಬದಲಾಗಿ ನಿಲ್ಲುವ ಲೇಪವಾವುದೂ ಇಲ್ಲ. ಸುಮಾರು 1600 ವರ್ಷಗಳಿಂದ ಬಿಸಿಲು ಮಳೆಗಳಲ್ಲಿ ನಿಂತ ದೆಹಲಿಯ ಕಬ್ಬಿಣದ ಸ್ತಂಭವನ್ನು ತುಕ್ಕಿಲ್ಲದ ವಿಸ್ಮಯವೆಂದು ಎಲ್ಲರೂ ಹೊಗಳುವರು. ಗಾಳಿಯಲ್ಲಿ ನಿಂತ ಅದರ ಮೈ ನಿಜವಾಗಿಯೂ ಹಾಗೆಯೇ ಇದೆ. ಆದರೆ 1961ರಲ್ಲಿ ಬುಡವನ್ನು ಅಗೆದು ನೋಡಿದಾಗ ನೆಲದಲ್ಲಿ ಹೂತಿದ್ದ ಭಾಗಕ್ಕೆ ತುಕ್ಕು ತಗುಲಿದ್ದುದು ಕಂಡುಬಂದಿತು. ಹಸಿ ಮಣ್ಣಿನ ಸಹವಾಸದಲ್ಲಿ ಅಂಥ ಕಬ್ಬಿಣಕ್ಕೂ ಉಳಿಗಾಲವಿಲ್ಲವೆಂದ ಮೇಲೆ ನನ್ನ ಜೀಪಿನ ಪಾಡೇನು?

ಇದನ್ನೆಲ್ಲ ಚಿಂತಿಸುತ್ತಿರುವಾಗ ಬಾಲ್ಯದ ಒಂದು ನೋಟ ಕಣ್ಣ ಮುಂದೆ ಬಂದಿತು. ಖಂಡೇನವಮಿಗೆ ಮುನ್ನ ನಮ್ಮ ಅಜ್ಜನು ಎತ್ತಿನ ಬಂಡಿಯನ್ನು ಹಳ್ಳಕ್ಕೆ ಒಯ್ದು, ಗಾಲಿ ಕಳಚಿ, ಅಚ್ಚನ್ನು ತಿಕ್ಕಿ, ಬಂಡಿಯನ್ನು ಮಗ್ಗುಲಾಗಿ ನಿಲ್ಲಿಸಿ ತಳವನ್ನು ತೊಳೆಯುತ್ತಿದ್ದನು. ಬಿಸಿಲಿಗೆ ಒಣಗಿದ ಮೇಲೆ ಕೀಲೆಣ್ಣೆ. ಆಮೇಲೆ ವಿಭೂತಿ, ಹೂವು, ಕಾಯಿ. ನಮ್ಮ ಸೀಮೆಯಲ್ಲಿ ಮಳೆಯ ಜೋರು ಸೆಪ್ಟೆಂಬರಿಗೆ. ಅದು ಹಿಂದೆಗೆಯುವ ಹೊತ್ತಿಗೆ ಖಂಡೇನವಮಿ ಬರುತ್ತದೆ. ಮಳೆಗಾಲವೆಲ್ಲ ಹಸಿಯುಂಡ ಕಬ್ಬಿಣವನ್ನು ಹೊರತೆಗೆದು ತಿಕ್ಕಿ ಎಣ್ಣೆ ಕೊಡಲು ಇದಕ್ಕಿಂತ ತಕ್ಕ ದಿನ ಇನ್ನಾವುದು? ನಾವು ಹಬ್ಬವನ್ನು ಉಳಿಸಿಕೊಂಡೆವು, ತಿಕ್ಕುವುದನ್ನು ಬಿಟ್ಟೆವು. ಮುಂಭಾಗಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇರಿಸುವ ನಾವು ಆ ನಿಂಬೆಹಣ್ಣಿನಿಂದ ಒಂದು ಗೇಣು ಮೇಲಕ್ಕೆ ಕಣ್ಣೆತ್ತುವುದಿಲ್ಲ.

ಜೀಪಿನ ಕೊಳವೆಗಳನ್ನು ಹೊಸದಾಗಿ ಹಾಕಿಸಿದೆನು. ಸವೆದ ತಗಡನ್ನು ಕತ್ತರಿಸಿ ಬೇರೆಯದನ್ನು ಬೆಸೆಸಿದೆನು. ಗೊಬ್ಬರದ ಚೀಲಗಳು ಈಗ ಬಾಡಿಗೆಯ ಗಾಡಿಯಲ್ಲಿ, ದಪ್ಪ ಹಾಳೆಯ ಮೇಲೆ ಬರುತ್ತವೆ. ಕಳೆದ ಖಂಡೇನವಮಿಗೆ ಎರಡು ದಿನ ಮುಂಚೆಯೇ ತೊಳೆಯುವ ಕೆಲಸ ನಡೆಯಿತು. ಮದುವೆಯೊಂದರ ಕರೆಯೋಲೆ ಆ ದಿನವೂ ಬಂದಿದ್ದಿತು, ಬಸ್ಸಿನಲ್ಲಿ ಹೋಗಿಬಂದೆನು.

ಅವ್ವನು ಆ ದಿನದ ಮಾತನ್ನು ಇದುವರೆಗೆ ಎತ್ತಿಲ್ಲ. ಆದರೆ ತೋಟಕ್ಕೆ ಹೊರಟಾಗಲೆಲ್ಲ ಮೊಮ್ಮಗಳ ಕೈಹಿಡಿದು ಜೀಪಿನ ಬಳಿ ನಿಂತು, "ಕೆಳಗ ನೋಡಿದೇನಪ್ಪಾ?" ಎಂದು ಕೇಳುತ್ತಾಳೆ. ನೋಡಿದ್ದರೂ ನಾನು ಇನ್ನೊಮ್ಮೆ ಮೊಣಕಾಲೂರಿ ಬಗ್ಗುತ್ತೇನೆ. ನಾನು ಎದ್ದ ಮೇಲೆಯೇ ಅವರಿಬ್ಬರೂ ಹತ್ತುತ್ತಾರೆ.