ಓದದವರು ಓದಿದ ಶಾಲೆ

ಮೈಸೂರಿನ ವಿಜಯನಗರದ ಬೀದಿಗಳಲ್ಲಿ ಬೆಳಗಿನ ಹೊತ್ತು ಎರಡು ಬಗೆಯ ಮಕ್ಕಳು ಶಾಲೆಗೆ ಹೊರಡುತ್ತಾರೆ. ಮನೆ ಬಾಗಿಲಿಗೆ ಬರುವ ಹಳದಿ ವಾಹನ ಏರುವವರು ಕೆಲವರು. ಅದೇ ಮನೆಗಳಿಗೆ ಪಾತ್ರೆ ತೊಳೆಯಲು ಬರುವ ತಾಯಂದಿರ ಜೊತೆ ನಡೆದು ಸರ್ಕಾರಿ ಶಾಲೆಯ ಕಡೆ ತಿರುಗುವವರು ಇನ್ನು ಕೆಲವರು. ಅಂಥ ಒಬ್ಬ ತಾಯಿಯ ಮಗ ಐದನೆಯ ತರಗತಿಯಲ್ಲಿದ್ದರೂ ಎರಡನೆಯ ತರಗತಿಯ ಪಾಠವನ್ನು ತಡವರಿಸುತ್ತ ಓದುತ್ತಾನೆ. ಕಾರಣ ಕೇಳಿದರೆ ಅವಳ ಮೊದಲ ಉತ್ತರ ಸಿದ್ಧವಾಗಿಯೇ ಇರುತ್ತದೆ: "ನಾವು ಓದಿದೋರಲ್ಲ, ಅವನ ತಲೆಗೂ ಹತ್ತಲ್ಲ."

ಎರಡನೆಯ ಉತ್ತರ ತಡವಾಗಿ ಬರುತ್ತದೆ: "ಇರೋರೇ ಇಬ್ರು ಮೇಷ್ಟ್ರು. ಒಬ್ರು ಬೇರೆ ಕೆಲ್ಸಕ್ಕೆ ಹೋದ್ರೆ ಐದು ಕ್ಲಾಸಿನ ಮಕ್ಳೂ ಒಂದೇ ರೂಮಲ್ಲಿ ಕೂತಿರ್ತವೆ."

ಮೊದಲನೆಯದು ಸಮಾಜ ಅವಳಿಗೆ ಕಲಿಸಿದ ಉತ್ತರ. ಎರಡನೆಯದು ಅವಳು ಕಂಡುಕೊಂಡದ್ದು. ಅದಕ್ಕೆ ಕಾನೂನಿನ ಪುಟಗಳಲ್ಲಿಯೇ ಆಧಾರವಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ಶಿಕ್ಷಕರನ್ನು ಅನ್ಯ ಕೆಲಸಕ್ಕೆ ಹಚ್ಚಬಾರದೆನ್ನುವ ಅದೇ ಕಾಯಿದೆ ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರಕ್ಕೆ ವಿನಾಯಿತಿಯನ್ನೂ ಕೊಟ್ಟಿದೆ. ಹಲವು ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುವ 'ನಲಿ-ಕಲಿ' ಪದ್ಧತಿ 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿತು. ಆದರೆ ಆ ಪದ್ಧತಿಗೂ ಶಿಕ್ಷಕರು ಕೋಣೆಯಲ್ಲಿರಲೇಬೇಕು.

ಸಾಲ ಮಾಡಿಯಾದರೂ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿದ ನೆರೆಯವರನ್ನು ದೂರುವಂತಿಲ್ಲ. ಆದರೆ ಮಕ್ಕಳ ಸಂಖ್ಯೆಯ ಮೇಲೆ ಹುದ್ದೆಗಳು ನಿಗದಿಯಾಗುವುದರಿಂದ, ಒಬ್ಬೊಬ್ಬರು ಬಿಟ್ಟುಹೋದಂತೆಲ್ಲ ಉಳಿದವರ ಪಾಲಿನ ಶಿಕ್ಷಕರೂ ಕಡಿಮೆಯಾಗುತ್ತಾರೆ. ಬಡತನದ ಫಲವನ್ನು ದಡ್ಡತನವೆಂದು ಕರೆಯುವುದು ಹೀಗೆ ಸುಲಭವಾಗುತ್ತದೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಈ ನಾಡಿನ ಜನ ಓದಿನ ಅಭ್ಯಾಸವಿಲ್ಲದೆಯೂ ಕಾವ್ಯದಲ್ಲಿ ನಿಪುಣರೆಂದು ಹೆಮ್ಮೆಪಟ್ಟಿತು. ಆ ಮಾತನ್ನು ತರಗತಿಗಳಲ್ಲಿ ಮತ್ತೆ ಮತ್ತೆ ವಿವರಿಸುವ ವಿದ್ವತ್ತು, ಓದದ ತಾಯಿಯೊಬ್ಬಳು ಶಾಲೆಯ ಬಗ್ಗೆ ಆಡುವ ಮಾತನ್ನು ಮಾತ್ರ ಅಜ್ಞಾನವೆಂದು ಬದಿಗಿಡುತ್ತದೆ.

ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆಯೂ ಹೇಳುತ್ತದೆ. ಆ ತಾಯಿಯೂ ಒಬ್ಬ ಸದಸ್ಯೆ. ಅರ್ಧ ದಿನದ ಕೂಲಿ ಬಿಟ್ಟು ಸಭೆಗೆ ಬರುತ್ತಾಳೆ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ. ಕಾನೂನು ಅವಳಿಗೆ ಕುರ್ಚಿ ಕೊಟ್ಟಿತು, ಮಾತನ್ನು ಕೊಡಲಿಲ್ಲ.

ಈಚಿನ ಸಭೆಯಲ್ಲಿ ಮಾತ್ರ ಅವಳು ಮಸಿ ಹತ್ತಿದ ಹೆಬ್ಬೆರಳನ್ನು ಪುಸ್ತಕದ ಮೇಲೆ ಒತ್ತದೆ ಕೇಳಿದಳು: "ಇದ್ರಲ್ಲಿ ಏನು ಬರ್ದದೆ, ಒಂದ್ಸಲ ಓದಿ ಹೇಳಿ ಮೇಷ್ಟ್ರೇ."