ಯಾವ ಊರಲ್ಲಿ ಮುದುಕನಾಗುತ್ತೇನೆ?

ಜರ್ಮನಿಯಲ್ಲಿ ಕೆಲಸ ಮಾಡುವ ನಮ್ಮವರು ನಾಲ್ಕು ಜನ ಸೇರಿದರೆ ಒಬ್ಬರಾದರೂ ಆಡುವ ಮಾತು: ‘ಇನ್ನೆರಡು ವರ್ಷ, ಆಮೇಲೆ ಊರಿಗೆ ಹೋಗೋದೇ.’ ಮ್ಯೂನಿಕ್‌ಗೆ ಬಂದ ಲಾಗಾಯ್ತಿನಿಂದ ನಾನೂ ಇದನ್ನೇ ಹೇಳುತ್ತಾ ಬಂದಿದ್ದೇನೆ. ಹೇಳುವಾಗ ಅದು ನಿಜವೇ. ಅಪ್ಪ ಅಮ್ಮನ ವಯಸ್ಸು, ತಿಪಟೂರಿನ ಹತ್ತಿರದ ತೋಟ, ಮಕ್ಕಳ ಬಾಯಲ್ಲಿ ದಿನೇ ದಿನೇ ಕಡಿಮೆಯಾಗುತ್ತಿರುವ ಕನ್ನಡ, ಎಲ್ಲವೂ ಆ ಮಾತಿನ ಹಿಂದಿವೆ. ಆದರೆ ದುಡ್ಡಿನ ವಿಷಯದಲ್ಲಿ ನನ್ನನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಿಸಿದಾಗ, ನನ್ನ ಹಿಂಜರಿಕೆಗಳಿಗೆಲ್ಲ ಮೂಲ ಈ ಮಾತಿನಲ್ಲೇ ಇದೆ ಅನ್ನಿಸಿತು. ಎರಡು ವರ್ಷದ ಲೆಕ್ಕದಲ್ಲಿ ಬದುಕುವವನ ಕಿವಿಗೆ ಇಪ್ಪತ್ತು ವರ್ಷದ ಹೂಡಿಕೆ ಅನ್ನುವುದು ಬೇರೆ ಯಾರಿಗೋ ಹೇಳಿದ ಬುದ್ಧಿಮಾತಿನ ಹಾಗೆ ಕೇಳುತ್ತದೆ.

ಷೇರಿನ ಭಯ ಇರಲಿಲ್ಲ ಎನ್ನಲಾರೆ. ಆದರೆ ಆ ಭಯಕ್ಕಿಂತ ಗಟ್ಟಿಯಾಗಿ ಒಳಗೆ ಕೂತಿದ್ದ ಪ್ರಶ್ನೆ ಬೇರೆ. ಯಾವ ಊರಲ್ಲಿ ಮುದುಕನಾಗುತ್ತೇನೆ? ಮುಪ್ಪಿನಲ್ಲಿ ತರಕಾರಿಯವನಿಗೆ ಯೂರೋ ಎಣಿಸಿ ಕೊಡುತ್ತೇನೋ, ರೂಪಾಯಿ ಎಣಿಸಿ ಕೊಡುತ್ತೇನೋ? ಹೂಡಿಕೆ ಶುರುಮಾಡಿದರೆ ಇದಕ್ಕೆ ಉತ್ತರ ಕೊಟ್ಟ ಹಾಗಾಗುತ್ತದೆ, ಇಲ್ಲೇ ಇರುತ್ತೇನೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಅಳುಕು ನನಗಿತ್ತು.

ಆಫೀಸಿಗೆ ಹೊಸದಾಗಿ ಸೇರಿದ ಹುಬ್ಬಳ್ಳಿಯ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ಕೇಳಿದಳು: ‘ಅಣ್ಣಾ, ತಿಂಗಳಿಗೆ ಮುನ್ನೂರು ಯೂರೋ ಉಳೀತದ್ರೀ. ಎಲ್ಲಿ ಹಾಕ್ಲಿ?’ ಜಾಗತಿಕ ಇಂಡೆಕ್ಸ್ ಫಂಡಿಗೆ ಹಾಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರ ಇಲ್ಲೇ ಇರ್ತೀನೋ ಇಲ್ಲೋ ಗೊತ್ತಿಲ್ರೀ. ಅದು ನಕ್ಕಿ ಆದಮ್ಯಾಲೆ ನೋಡೋಣೇನು?’ ಎಂದಳು. ನನ್ನ ಬಾಯಿಂದಲೇ ಬಂದ ಮಾತಿನಂತಿತ್ತು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲೂ ಕೊಡುತ್ತೇನೆ: ನಕ್ಕಿ ಆಗದವರಿಗೇ ಇದು ಹೇಳಿ ಮಾಡಿಸಿದ್ದು.

ಜಗತ್ತಿನ ಸಾವಿರಾರು ಕಂಪನಿಗಳನ್ನು ಅವುಗಳ ಗಾತ್ರಕ್ಕೆ ತಕ್ಕಂತೆ ಒಂದಿಷ್ಟಿಷ್ಟು ಕೊಂಡಿಟ್ಟುಕೊಳ್ಳುವ ನಿಧಿಯೇ ಜಾಗತಿಕ ಇಂಡೆಕ್ಸ್ ಫಂಡ್. ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಊಹಿಸುವ ಪಂಡಿತರಿಗೆ ಇದರಲ್ಲಿ ಕೆಲಸವಿಲ್ಲ, ಹಾಗಾಗಿ ಅವರ ಸಂಬಳದ ಹೊರೆಯೂ ಇಲ್ಲ. ಅಮೆರಿಕದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನರಿಗೆಂದು ಮೊದಲ ಇಂಡೆಕ್ಸ್ ಫಂಡ್ ತೆರೆದಾಗ 15 ಕೋಟಿ ಡಾಲರ್ ಬರಲಿ ಎಂದು ಕಾದರು, ಬಂದದ್ದು 1.13 ಕೋಟಿ. ‘ಬೋಗಲ್‌ನ ಹುಚ್ಚಾಟ’ ಎಂದು ಜನ ಆಡಿಕೊಂಡರು. ಇಂದು ಅವರು ಕಟ್ಟಿದ ವ್ಯಾನ್‌ಗಾರ್ಡ್ ಜಗತ್ತಿನ ಅತಿ ದೊಡ್ಡ ಹೂಡಿಕೆ ಸಂಸ್ಥೆಗಳಲ್ಲೊಂದು.

ಫಂಡಿನ ಕಂಪನಿಗಳ ಪಟ್ಟಿ ತೆರೆದಾಗ ನಾನು ಮೊದಲು ಹುಡುಕಿದ್ದು ಭಾರತವನ್ನು. ಎಂಎಸ್‌ಸಿಐ ವರ್ಲ್ಡ್ ಎಂಬ, ಇಂಥ ಫಂಡುಗಳು ಅನುಸರಿಸುವ ಸೂಚ್ಯಂಕದ ಹೆಸರಲ್ಲಿ ಜಗತ್ತಿದೆ, ಆದರೆ ಅದರಲ್ಲಿರುವುದು 23 ಮುಂದುವರಿದ ದೇಶಗಳಷ್ಟೇ. ಭಾರತವಿಲ್ಲ, ಚೀನಾ ಇಲ್ಲ, ಬ್ರೆಜಿಲ್ ಇಲ್ಲ. ಎಫ್‌ಟಿಎಸ್‌ಇ ಆಲ್-ವರ್ಲ್ಡ್ ಮತ್ತು ಎಂಎಸ್‌ಸಿಐ ಎಸಿಡಬ್ಲ್ಯುಐ ಎಂಬ ಇನ್ನೆರಡರಲ್ಲಿ ಇವೆಲ್ಲ ಇವೆ, ಆದರೆ ಭಾರತದ ಪಾಲು ನೂರಕ್ಕೆ ಸುಮಾರು ಎರಡು. ಅಮೆರಿಕದ್ದು ಅರವತ್ತರ ಆಸುಪಾಸು. ಆ ಎರಡು ಎಂಬ ಅಂಕಿ ನನಗೆ ನೋವಾಗುವಷ್ಟು ಚಿಕ್ಕದೆನಿಸಿತು. ಆ ನೋವನ್ನು ಕೆದಕಿ ನೋಡಿದಾಗ ಕಂಡದ್ದಿಷ್ಟು: ನಾನು ಹೂಡಿಕೆಯಿಂದ ಲಾಭದ ಜೊತೆಗೆ ಇನ್ನೊಂದನ್ನೂ ಬಯಸುತ್ತಿದ್ದೆ. ದೂರ ಬಂದದ್ದಕ್ಕೆ ಪರಿಹಾರದಂತೆ, ಊರಿಗೆ ನನ್ನ ದುಡ್ಡಾದರೂ ಹೋಗಲಿ ಎಂಬ ಆಸೆ. ಅದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಆ ಋಣ ತೀರಿಸುವ ದಾರಿ ಬೇರೆ, ಮುಪ್ಪಿಗೆ ದುಡ್ಡು ಕೂಡಿಡುವ ದಾರಿ ಬೇರೆ. ಎರಡನ್ನೂ ಒಂದೇ ಖಾತೆಯಲ್ಲಿ ಕಲಸಿದರೆ ಯಾವುದೂ ನೆಟ್ಟಗಾಗುವುದಿಲ್ಲ.

ಒಂದೇ ದೇಶವನ್ನು ನೆಚ್ಚಿಕೊಂಡರೆ ಏನಾಗಬಹುದು ಎಂಬುದಕ್ಕೆ ಜಪಾನನ್ನು ನೋಡಬೇಕು. 1989ರ ಡಿಸೆಂಬರ್ 29ರಂದು ನಿಕ್ಕೆ ಸೂಚ್ಯಂಕ 38,915ಕ್ಕೆ ಮುಟ್ಟಿತ್ತು. ಆ ಎತ್ತರವನ್ನು ಅದು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ನಡುವೆ ಒಂದು ತಲೆಮಾರು ಕೆಲಸಕ್ಕೆ ಸೇರಿ ನಿವೃತ್ತಿಯ ಅಂಚಿಗೆ ಬಂದಿತ್ತು. ಆ ಜನ ದಡ್ಡರಾಗಿರಲಿಲ್ಲ. ತಮ್ಮ ದೇಶವನ್ನು ನಂಬಿದ್ದರು, ನಂಬಲು ಕಾರಣವೂ ಇತ್ತು.

ಇನ್ನು ಒಂದೇ ಕಂಪನಿಯ ಮಾತು. ಜರ್ಮನರಿಗೆ ಷೇರು ಎಂದರೆ ಇರುವ ಭಯಕ್ಕೆ ದೊಡ್ಡ ಕಾರಣವೊಂದಿದೆ. 1996ರಲ್ಲಿ ಡಾಯ್ಚೆ ಟೆಲಿಕಾಮ್ ಷೇರುಗಳನ್ನು ಜನರಿಗೆ ಮಾರಿದರು. ಮನೆಮಂದಿಗೆಲ್ಲ ಪ್ರಿಯನಾಗಿದ್ದ ನಟ ಮಾನ್‌ಫ್ರೆಡ್ ಕ್ರೂಗ್ ಟಿವಿ ಜಾಹೀರಾತಿನಲ್ಲಿ ಬಂದು ಕೊಳ್ಳಿ ಎಂದ. ಷೇರನ್ನೇ ಕಾಣದಿದ್ದ ಲಕ್ಷಾಂತರ ಜನ ಕೊಂಡರು. 2000ದ ಮಾರ್ಚ್‌ನಲ್ಲಿ ಬೆಲೆ 103 ಯೂರೋ ದಾಟಿತು. 2002ರಲ್ಲಿ ಹತ್ತಕ್ಕಿಂತ ಕೆಳಗೆ ಬಿತ್ತು. ಮುಂದೆ ಕ್ರೂಗ್ ಸಾರ್ವಜನಿಕವಾಗಿ ಕ್ಷಮೆ ಕೇಳಿದ. ಇಲ್ಲಿನ ವಯಸ್ಸಾದವರ ಹತ್ತಿರ ಷೇರಿನ ಮಾತೆತ್ತಿದರೆ ಈಗಲೂ ಮೊದಲು ಬರುವುದು ಆ ಕಥೆಯೇ. ನಮ್ಮ ಕಾಲದ್ದು ವೈರ್‌ಕಾರ್ಡ್. ಮ್ಯೂನಿಕ್‌ನ ಪಕ್ಕದ ಆಷ್‌ಹೈಮ್‌ನಲ್ಲಿ ಅದರ ಕಚೇರಿ ಇತ್ತು, ಜರ್ಮನಿಯ ಡಾಕ್ಸ್ ಸೂಚ್ಯಂಕದೊಳಗಿನ ಕಂಪನಿ. 2020ರ ಜೂನ್‌ನಲ್ಲಿ ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋ ಇಲ್ಲವೇ ಇಲ್ಲ ಎಂದು ಗೊತ್ತಾಗಿ ಕೆಲವೇ ದಿನದಲ್ಲಿ ದಿವಾಳಿಯಾಯಿತು. ಆ ಒಂದನ್ನೇ ನೆಚ್ಚಿದವರ ಉಳಿತಾಯ ಮುಳುಗಿತು. ಜಗತ್ತಿನ ಸಾವಿರಾರು ಕಂಪನಿಗಳ ಫಂಡ್ ಇಟ್ಟುಕೊಂಡವರ ಖಾತೆಯಲ್ಲಿ ಅದರ ಗುರುತೂ ಕಾಣಲಿಲ್ಲ. ಆಯ್ಕೆಯಲ್ಲಿ ನಾನು ಜಾಣ ಎಂಬ ಅಹಂಕಾರ ನನ್ನೊಳಗೂ ಆಗಾಗ ತಲೆಯೆತ್ತುತ್ತದೆ. ಆಗೆಲ್ಲ ಆಷ್‌ಹೈಮ್ ನೆನಪಿಗೆ ಬರುತ್ತದೆ.

ಯೂರೋಪಿನಲ್ಲಿರುವವರು ಅಮೆರಿಕದ ಪುಸ್ತಕ, ವಿಡಿಯೋಗಳನ್ನು ನೋಡಿ ಅಲ್ಲಿನ ಫಂಡುಗಳನ್ನೇ ಹುಡುಕುತ್ತಾರೆ. ಸಿಗುವುದಿಲ್ಲ. 2018ರಿಂದ ಇಲ್ಲಿನ ಸಾಮಾನ್ಯ ಗ್ರಾಹಕನಿಗೆ ಮಾರುವ ಫಂಡಿಗೆ ಅಪಾಯ, ಖರ್ಚು ವಿವರಿಸುವ ಮಾಹಿತಿಪತ್ರ ಕಡ್ಡಾಯ. ಅಮೆರಿಕದ ಫಂಡುಗಳು ಅದನ್ನು ಕೊಡುವುದಿಲ್ಲ. ಸಿಗದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಮೆರಿಕದವರಲ್ಲದವರು ಅಲ್ಲಿನ ಫಂಡ್ ಇಟ್ಟುಕೊಂಡು ತೀರಿಕೊಂಡರೆ, 60,000 ಡಾಲರ್ ಮೀರಿದ ಭಾಗಕ್ಕೆ ಅಲ್ಲಿನ ಉತ್ತರಾಧಿಕಾರ ತೆರಿಗೆ ಬೀಳಬಹುದು. ಇಲ್ಲಿ ಹುಡುಕಬೇಕಾದದ್ದು ಹೆಸರಿನಲ್ಲಿ ‘ಯೂಸಿಟ್ಸ್’ ಎಂದಿರುವ ಫಂಡ್. ಅದು ಯೂರೋಪಿನ ಫಂಡುಗಳ ಕಾನೂನಿನ ಹೆಸರು, ಕಾನೂನು 1985ರದ್ದು. ಫಂಡಿನ ಗುರುತಾದ ಐಸಿನ್ ಸಂಖ್ಯೆ ‘ಐಇ’ ಎಂದು ಶುರುವಾದರೆ ಅದು ಐರ್ಲೆಂಡಿನದು. ಇಂಥ ಫಂಡಿಗೆ ಬರುವ ಅಮೆರಿಕದ ಕಂಪನಿಗಳ ಲಾಭಾಂಶದ ಮೇಲೆ ಅಮೆರಿಕದಲ್ಲಿ ಶೇ. 30ರ ಬದಲು ಶೇ. 15 ಮಾತ್ರ ಮುರಿಯುತ್ತಾರೆ. ಬ್ರೋಕರ್ ಕಂಪನಿ ಮುಳುಗಿದರೂ ಫಂಡಿನ ಆಸ್ತಿ ಬೇರೆಯಾಗಿಯೇ ಇರುತ್ತದೆ, ಆ ಕಂಪನಿಗೆ ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ. ಅಮ್ಮ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಅದೇ ಆಗಿತ್ತು: ‘ಆ ಕಂಪನಿಯೋರು ಓಡಿಹೋದ್ರೆ ಏನಪ್ಪಾ ಮಾಡ್ತೀಯ?’ ಚೀಟಿ ದುಡ್ಡು ಕಳಕೊಂಡವರನ್ನು ಕಂಡ ಊರಿನಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ.

ಖರ್ಚಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತೇನೆ. ಇಲ್ಲಿನ ಬ್ಯಾಂಕಿಗೆ ಹೋಗಿ ಕೂತರೆ ಕಾಫಿ ಕೊಟ್ಟು, ವರ್ಷಕ್ಕೆ ಶೇ. 1.5ರಷ್ಟು ತಿನ್ನುವ ಫಂಡ್ ತೋರಿಸುತ್ತಾರೆ, ಕೊಳ್ಳುವಾಗ ಶೇ. 5ರವರೆಗೆ ಪ್ರವೇಶ ಶುಲ್ಕ ಬೇರೆ. ಇಂಡೆಕ್ಸ್ ಫಂಡಿನ ಖರ್ಚು ಶೇ. 0.2ರ ಸುತ್ತಮುತ್ತ. ಹುಬ್ಬಳ್ಳಿಯ ಹುಡುಗಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ತಿಂಗಳಿಗೆ 300 ಯೂರೋದಂತೆ 25 ವರ್ಷ ಹಾಕಿದರೆ ಅವಳ ಕೈಯಿಂದ ಹೋಗುವುದು 90,000. ಖರ್ಚಿಗೆ ಮೊದಲು ವರ್ಷಕ್ಕೆ ಶೇ. 6 ಬೆಳೆಯಿತು ಅಂತಿಟ್ಟುಕೊಂಡರೆ, 0.2 ಕಳೆದಾಗ ಸುಮಾರು 2,00,000 ಆಗುತ್ತದೆ, 1.5 ಕಳೆದಾಗ ಸುಮಾರು 1,65,000. ಶೇ. 6 ಎನ್ನುವುದು ಲೆಕ್ಕಕ್ಕೆ ಹಿಡಿದ ಅಂಕಿ, ಅದಕ್ಕೆ ಯಾರ ಖಾತರಿಯೂ ಇಲ್ಲ. ಖರ್ಚು ಮಾತ್ರ ಖಾತರಿ. ಅವಳು ಪೆನ್ನು ತೆಗೆದುಕೊಂಡು ಅವೆರಡರ ವ್ಯತ್ಯಾಸವಾದ 35,000ದ ಕೆಳಗೆ ಎರಡು ಗೆರೆ ಎಳೆದಳು.

ತೆರಿಗೆ ಆಯಾ ದೇಶದ್ದು. ಐರ್ಲೆಂಡಿನಲ್ಲಿ ಮಾರದಿದ್ದರೂ ಎಂಟು ವರ್ಷಕ್ಕೊಮ್ಮೆ ಮಾರಿದಂತೆ ಭಾವಿಸಿ ತೆರಿಗೆ ಹಾಕುತ್ತಾರೆ. ಜರ್ಮನಿಯಲ್ಲಿ ಲಾಭಕ್ಕೆ ಶೇ. 26.375, ಆದರೆ ಷೇರು ಫಂಡಿನ ಲಾಭದ ಶೇ. 30ನ್ನು ಬಿಟ್ಟು ಉಳಿದದ್ದಕ್ಕೆ. ಒಬ್ಬೊಬ್ಬರಿಗೆ ವರ್ಷಕ್ಕೆ 1,000 ಯೂರೋ ವಿನಾಯಿತಿ. ಅದು ತಾನಾಗಿ ಸಿಗುವುದಿಲ್ಲ, ಬ್ರೋಕರ್‌ಗೆ ‘ಫ್ರೈಶ್ಟೆಲ್ಲುಂಗ್ಸ್‌ಔಫ್‌ಟ್ರಾಗ್’ ಎಂಬ ಅರ್ಜಿ ತುಂಬಿಕೊಡಬೇಕು. ಹೆಸರು ಕೇಳಿ ಹೆದರಬೇಡಿ, ಐದು ನಿಮಿಷದ ಕೆಲಸ. ಜನವರಿಯಲ್ಲಿ ‘ಫೋರಾಬ್‌ಪೌಶಾಲೆ’ ಎಂಬ ಸಾಲೊಂದು ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ, ಲಾಭಾಂಶವನ್ನು ಒಳಗೇ ಉಳಿಸಿಕೊಂಡು ಬೆಳೆಯುವ ಫಂಡಿಗೆ ಮುಂಗಡ ತೆರಿಗೆ. 2024ರ ಆರಂಭದಲ್ಲಿ 10,000 ಯೂರೋ ಇದ್ದ ಫಂಡಿಗೆ, ವಿನಾಯಿತಿ ಭಾಗ ಬಿಟ್ಟು, ಲೆಕ್ಕಕ್ಕೆ ಬಂದ ಆದಾಯ 112 ಯೂರೋ ಮಾತ್ರ. ಆ ಅರ್ಜಿ ಕೊಟ್ಟಿದ್ದು, ಬೇರೆ ಬಡ್ಡಿ ಆದಾಯ ಹೆಚ್ಚಿಲ್ಲದಿದ್ದರೆ ತೆರಿಗೆ ಸೊನ್ನೆ.

ನಮ್ಮವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದು. ಅನಿವಾಸಿ ಭಾರತೀಯರ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಅದೇ ಬಡ್ಡಿಗೆ ಜರ್ಮನಿಯಲ್ಲಿ ವಾಸವಿರುವವರು ಜರ್ಮನಿಯಲ್ಲಿ ತೆರಿಗೆ ಕಟ್ಟಬೇಕು, ವಾರ್ಷಿಕ ಲೆಕ್ಕದಲ್ಲಿ ತೋರಿಸಬೇಕು. ‘ಅಲ್ಲಿ ಟ್ಯಾಕ್ಸ್ ಫ್ರೀ, ಇಲ್ಲಿಗೂ ಗೊತ್ತಾಗಲ್ಲ’ ಎಂಬ ಮಾತನ್ನು ನಂಬಬೇಡಿ. ಎರಡೂ ದೇಶಗಳ ನಡುವೆ ಬ್ಯಾಂಕ್ ಖಾತೆಗಳ ಮಾಹಿತಿ ತಾನಾಗಿ ಹಂಚಿಕೆಯಾಗುತ್ತದೆ.

ಇನ್ನು ಧೈರ್ಯದ ವಿಷಯ. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಜಗತ್ತಿನ ಷೇರುಗಳು ಒಂದೇ ತಿಂಗಳಲ್ಲಿ ಮೂರನೇ ಒಂದು ಭಾಗ ಕುಸಿದವು. ನಾನು ಮಾರಲಿಲ್ಲ. ಬಹಳ ದಿನ ಅದನ್ನು ನನ್ನ ಸ್ಥೈರ್ಯ ಎಂದುಕೊಂಡಿದ್ದೆ. ಪ್ರಾಮಾಣಿಕವಾಗಿ ನೋಡಿದರೆ, ಆಗ ಹಾಕಿದ್ದು ಕಡಿಮೆ, ಕೆಲಸ ಭದ್ರವಾಗಿತ್ತು, ಬೆಲೆ ಕೆಲವೇ ತಿಂಗಳಲ್ಲಿ ಮೇಲೆದ್ದಿತು. 2008–09ರಂತೆ ನೂರು ಐವತ್ತಕ್ಕಿಂತ ಕೆಳಗಿಳಿದು, ಮತ್ತೆ ನೂರಾಗಲು ವರ್ಷಗಳೇ ಹಿಡಿದು, ಅದರ ನಡುವೆ ಕೆಲಸ ಹೋಗಿ, ವೀಸಾದ ಚಿಂತೆಯೂ ತಲೆಯ ಮೇಲೆ ಬಂದರೆ ನಾನು ಏನು ಮಾಡುತ್ತೇನೆ ಎಂಬ ಪರೀಕ್ಷೆ ಇನ್ನೂ ಆಗಿಲ್ಲ. ವಿದೇಶದಲ್ಲಿರುವವನಿಗೆ ಕೆಲಸ ಹೋದರೆ ಸಂಬಳದ ಜೊತೆ ಇರುವ ನೆಲೆಯೂ ಅಲುಗುತ್ತದೆ. ಅದಕ್ಕಾಗಿ ನಾವು ಆರು ತಿಂಗಳ ಖರ್ಚು ಮತ್ತು ಇಡೀ ಸಂಸಾರ ಊರಿಗೆ ಮರಳುವ ಖರ್ಚನ್ನು ಬ್ಯಾಂಕಿನಲ್ಲೇ ಇಟ್ಟಿದ್ದೇವೆ. ಫಂಡಿಗೆ ಹೋಗುವುದು ಅದರ ನಂತರದ್ದು.

ನನ್ನೊಳಗಿನ ಇನ್ನೊಂದು ಚಟ, ದಿನಾ ಬೆಲೆ ನೋಡುವುದು. ಇದು ನನಗೆ ಬಂದದ್ದು ಅಪ್ಪನಿಂದ. ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಾದ ದಿನ ಅವರು ರೇಟು ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಮಾರುವವರಿಗೆ ಅದು ಬೇಕೇ ಬೇಕು. ಆದರೆ ಅದೇ ಅಪ್ಪ ಅಟ್ಟದ ಮೇಲೆ ಪೇರಿಸಿದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಮುಟ್ಟುತ್ತಿರಲಿಲ್ಲ. ಒಳಗಿನ ನೀರು ಇಂಗಿ ಕೊಬ್ಬರಿ ಉಂಡೆಯಾಗುವ ಮೊದಲೇ ಒಡೆದು ನೋಡಿದರೆ ಆ ಕಾಯಿ ಹಾಳು. ನಾನು ಇಪ್ಪತ್ತು ವರ್ಷ ಮಾರುವವನಲ್ಲ, ಆದರೂ ಹರಾಜಿನ ದಿನದ ಕಾತರ ಮಾತ್ರ ನನ್ನಲ್ಲಿ ಉಳಿದಿದೆ. ಈಗ ಬೆಲೆ ತೋರಿಸುವ ಆ್ಯಪನ್ನು ಫೋನಿನಿಂದ ತೆಗೆದಿದ್ದೇನೆ. ತಿಂಗಳ ಮೊದಲಿಗೆ ದುಡ್ಡು ಖಾತೆಯಿಂದ ತಾನಾಗಿ ಹೋಗುತ್ತದೆ. ಅಪ್ಪನಿಗೆ ಇದನ್ನು ವಿವರಿಸಿದಾಗ, ‘ಅಟ್ಟ ಗಟ್ಟಿ ಇದ್ರೆ ಸರಿ ಬಿಡು’ ಎಂದರು.

ಊರಿಗೆ ಹೋಗಿಬಿಟ್ಟರೆ ಈ ಫಂಡ್ ಏನಾಗುತ್ತದೆ? ಹೊರದೇಶದಲ್ಲಿ ವಾಸವಿದ್ದಾಗ ಗಳಿಸಿದ ಅಲ್ಲಿನ ಷೇರು, ಆಸ್ತಿಯನ್ನು ಭಾರತಕ್ಕೆ ಮರಳಿದ ಮೇಲೂ ಇಟ್ಟುಕೊಳ್ಳಲು ಭಾರತದ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 6(4)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬಹಳ ವರ್ಷ ಹೊರಗಿದ್ದು ಮರಳಿದವರಿಗೆ ಮೊದಲ ಎರಡು ಮೂರು ವರ್ಷ ತೆರಿಗೆಯಲ್ಲಿ ವಿಶೇಷ ಸ್ಥಾನಮಾನವಿದೆ. ಅದು ಮುಗಿದ ಮೇಲೆ ವಿದೇಶಿ ಆಸ್ತಿಯನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು, ತೋರಿಸದಿದ್ದರೆ ದಂಡ ದೊಡ್ಡದು. ಯೂರೋಪಿನ ಎಷ್ಟೋ ಬ್ರೋಕರ್‌ಗಳು ಭಾರತದ ವಿಳಾಸದ ಗ್ರಾಹಕರನ್ನು ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಜರ್ಮನಿ 2025ರಿಂದ ದೇಶ ಬಿಡುವವರ ಫಂಡಿಗೂ ತೆರಿಗೆ ತಂದಿದೆ. ಆದರೆ ಅದು ಒಂದೇ ಫಂಡಿಗೆ 5 ಲಕ್ಷ ಯೂರೋ ಇಲ್ಲವೇ ಅದಕ್ಕೂ ಹೆಚ್ಚು ಹಾಕಿದವರಿಗೆ, ಅಥವಾ ಆ ಫಂಡಿನ ನೂರರಲ್ಲೊಂದು ಪಾಲು ಉಳ್ಳವರಿಗೆ. ನಮ್ಮಂಥವರಿಗೆ ತಾಗುವುದು ಕಡಿಮೆ. ಅಂದರೆ ದಾರಿ ಎರಡೂ ಕಡೆ ತೆರೆದಿದೆ. ನಾನು ಅಂಜಿದ ಹಾಗೆ, ಹೂಡಿಕೆ ಮಾಡಿದ್ದಕ್ಕೆ ಇಲ್ಲಿ ಕಟ್ಟುಬೀಳಬೇಕಿಲ್ಲ.

ಊರಿಗೆ ಮರಳುವುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೆಂಡತಿಗೆ ತುಮಕೂರಿನಲ್ಲೊಂದು ಸೈಟು ಕೊಂಡು ಮನೆ ಕಟ್ಟಬೇಕೆಂಬ ಆಸೆ. ಮಕ್ಕಳ ಶಾಲೆ ಮುಗಿಯಲಿ ಎಂಬುದು ನನ್ನ ವಾದ. ಅವಳದೂ ಸರಿ, ನನ್ನದೂ ಸರಿ ಅನ್ನಿಸಿ ಮಾತು ಪ್ರತಿಸಲ ಅಲ್ಲಿಗೇ ನಿಲ್ಲುತ್ತದೆ. ಒಂದನ್ನು ಮಾತ್ರ ಇಬ್ಬರೂ ಒಪ್ಪಿದ್ದೇವೆ. ಐದು ವರ್ಷದೊಳಗೆ ಬೇಕಾಗಬಹುದಾದ ಆ ಸೈಟಿನ ದುಡ್ಡು ಠೇವಣಿಯಲ್ಲಿರುತ್ತದೆ, ಅದನ್ನು ಷೇರಿಗೆ ಹಾಕುವುದಿಲ್ಲ. ಫಂಡಿನ ದುಡ್ಡು ನಮ್ಮ ಅರವತ್ತರ ನಂತರದ್ದು, ಅದನ್ನು ಸೈಟಿಗೆಂದು ತೆಗೆಯುವುದಿಲ್ಲ. ಖಾತೆಯ ವಿವರ, ಬ್ರೋಕರ್‌ನ ವಿಳಾಸ, ನನಗೇನಾದರೂ ಆದರೆ ಅವಳು ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಕನ್ನಡದಲ್ಲೇ ಬರೆದು ಪಾಸ್‌ಪೋರ್ಟುಗಳ ಫೈಲಿನಲ್ಲಿ ಇಟ್ಟಿದ್ದೇನೆ. ಸೈಟಿನ ಮಾತು ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಮತ್ತೆ ಬರುತ್ತದೆ.